ಅಮ್ಮನ ಗಾಂಧಾರ, ನನ್ನ ಚೆಲ್ಲೊ

ಸೌಕಾರ್‌ಪೇಟೆಯ ಈ ಎರಡನೇ ಮಹಡಿಗೆ ಈ ವಾದ್ಯ ಹೊತ್ತು ತರೋದೇ ಅರ್ಧ ಕಛೇರಿ ಆಯ್ತು. ಮಿಂಟ್ ಸ್ಟ್ರೀಟ್‌ನಲ್ಲಿ ಆಟೋದವರು, ಪೆಟ್ಟಿಗೆ ಒಳಗೆ ಯಾರನ್ನ ಮಲಗಿಸಿದ್ದೀರಿ ಅಂತ ಕೇಳಿದ್ರು. [ನಗು] ಇದು ಚೆಲ್ಲೊ. ಪಿಟೀಲಿನ ದೊಡ್ಡಣ್ಣ ಅಂದ್ಕೊಳ್ಳಿ.

ನಾನು ಇಪ್ಪತ್ತು ವರ್ಷದಿಂದ ಸಿನಿಮಾ ರೆಕಾರ್ಡಿಂಗ್‌ಗಳಲ್ಲಿ ನುಡಿಸ್ತಾ ಬಂದವನು. ಕಿವಿಗೆ ಹೆಡ್‌ಫೋನ್, ಅದರಲ್ಲಿ ಕೀಬೋರ್ಡ್ ಟ್ರ್ಯಾಕ್, ಅದಕ್ಕೆ ಸರಿಯಾಗಿ ಸ್ವರ ಹಿಡಿಬೇಕು. ಹಿಡೀತೀನಿ ಅನ್ನೋ ಹೆಮ್ಮೆ ಇತ್ತು. ಮೂರು ವರ್ಷದ ಹಿಂದೆ ಒಂದು ಸಂಜೆ ಅಮ್ಮ ತಂಬೂರಿ ಇಟ್ಕೊಂಡು ಶಂಕರಾಭರಣ ಹಾಡ್ತಿದ್ರು. ಮೈಸೂರಿನಲ್ಲಿ ಪಾಠ ಆದವರು. ನಾನೂ ಜೊತೆಗೆ ನುಡಿಸೋಕೆ ಕೂತೆ. ಎರಡೇ ನಿಮಿಷ. ಹಾಡು ನಿಲ್ಲಿಸಿ, "ನಿನ್ನ ಗಾಂಧಾರ ಮೇಲಿದೆ ಕಣೋ" ಅಂದ್ರು. ಫೋನ್ ತೆಗೆದು ಟ್ಯೂನರ್ ತೋರಿಸಿದೆ, ಹಸಿರು ದೀಪ. ಅಮ್ಮ ಅದನ್ನ ನೋಡಲೂ ಇಲ್ಲ. "ತಂಬೂರಿ ಕೇಳು" ಅಂದ್ರು.

ಕೇಳಿದೆ. ತಂಬೂರಿಯ ಮಂದ್ರ ಷಡ್ಜ ಮೀಟಿದರೆ ಅದರೊಳಗಿಂದ ಗಾಂಧಾರ ತಾನಾಗೇ ಏಳುತ್ತೆ. ಯಾರೂ ಹಾಡಬೇಕಿಲ್ಲ. ಒಂದು ಸ್ಥಾಯಿಯನ್ನ 1200 ಸೆಂಟ್ ಅಂತ ಭಾಗ ಮಾಡಿದರೆ ಆ ಗಾಂಧಾರ 386ರ ಹತ್ತಿರ ಇರುತ್ತೆ, ಅನುಪಾತ 5:4. ಕೀಬೋರ್ಡಿನದು 400. ಹದಿನಾಲ್ಕು ಸೆಂಟ್ ಹೆಚ್ಚು. ಇಪ್ಪತ್ತು ವರ್ಷ ನಾನು ನುಡಿಸಿದ್ದು ಆ ಹದಿನಾಲ್ಕನ್ನ. (ಕರ್ನಾಟಕ ಸಂಗೀತದಲ್ಲಿ ಗಾಂಧಾರ ಗಮಕದಲ್ಲೇ ಓಡಾಡುತ್ತೆ, ನಿಜ. ಆದ್ರೆ ನಿಂತಾಗ ಎಲ್ಲಿ ನಿಲ್ಲಬೇಕು ಅನ್ನೋದೇ ಅಮ್ಮನ ತಕರಾರು.)

ಬೇರೆ ಚೆಲ್ಲೊದವರು ಏನು ಮಾಡಿದ್ದಾರೆ ಅಂತ ಹುಡುಕಿದೆ. ಅಮೆರಿಕದ ಲಾ ಮಾಂಟ್ ಯಂಗ್, ಚಾರ್ಲ್ಸ್ ಕರ್ಟಿಸ್ ಅನ್ನೋ ಚೆಲ್ಲೊವಾದಕರಿಗಾಗಿ ಒಂದು ಕೃತಿ ರಚಿಸಿದ್ದಾರೆ. ಮೊದಲೇ ರೆಕಾರ್ಡ್ ಮಾಡಿದ ಚೆಲ್ಲೊ ನಾದದ ಮೇಲೆ ಇನ್ನೊಂದು ಚೆಲ್ಲೊ, ಕೀಬೋರ್ಡಿನ ಶ್ರುತಿಯಲ್ಲಲ್ಲ, ಶುದ್ಧ ಅನುಪಾತಗಳಲ್ಲಿ. ಮಿನಿಮಲಿಸಂ ಅಂತಾರಲ್ಲ, ಸ್ವಲ್ಪವೇ ಸ್ವರ ಇಟ್ಕೊಂಡು ಬಹಳ ಹೊತ್ತು ಅಲ್ಲೇ ನಿಲ್ಲೋದು, ಅದನ್ನ ಶುರು ಮಾಡಿದವರಲ್ಲಿ ಯಂಗ್ ಒಬ್ಬರು. ಅವರೂ, ಟೆರ್ರಿ ರೈಲಿಯವರೂ 1970ರಲ್ಲಿ ನ್ಯೂಯಾರ್ಕಿಗೆ ಬಂದ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಪ್ರಾಣನಾಥರು ಯಾರು? ಕಿರಾನಾ ಘರಾನೆಯವರು. ನಮ್ಮ ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯೆ ಗಂಗೂಬಾಯಿ ಹಾನಗಲ್, ಶಿಷ್ಯ ಭೀಮಸೇನ ಜೋಶಿ, ಎಲ್ಲರದ್ದೂ ಅದೇ ಘರಾನೆ! ಒಂದು ಸ್ವರವನ್ನ ಬಿಡದೆ ಹಿಡಿದು ಅದರೊಳಗೆ ಕೂರೋ ಹಾಡಿಕೆ. ಧಾರವಾಡದ ಕಡೆಯವರಿಗೆ ನ್ಯೂಯಾರ್ಕಿನ ಆ ಸಂಗೀತ ಅಷ್ಟೇನೂ ಪರಕೀಯ ಅನ್ನಿಸಲಾರದು.

ಇನ್ನು ನ್ಯಾನ್ಸಿ ಲೆಶ್ ಡಾಗರ್ ಸಹೋದರರ ಹತ್ತಿರ ಕಲಿತು ಚೆಲ್ಲೊದಲ್ಲಿ ಧ್ರುಪದ್ ನುಡಿಸ್ತಾರೆ. ಸಾಸ್ಕಿಯಾ ರಾವ್ ತಮ್ಮ ಚೆಲ್ಲೊಗೆ ತರಫ್ ತಂತಿಗಳನ್ನೇ ಸೇರಿಸಿಕೊಂಡರು. ನನ್ನ ಹತ್ತಿರ ಅಷ್ಟು ದುಡ್ಡಿಲ್ಲ. ಇರೋ ತಂತಿಗಳನ್ನೇ ಪಳಗಿಸಬೇಕು.

ಅಲ್ಲೇ ಸಮಸ್ಯೆ. ಚೆಲ್ಲೊದ ತಂತಿಗಳು ಸಿ, ಜಿ, ಡಿ, ಎ. ಪ್ರತಿ ತಂತಿಯೂ ಹಿಂದಿನದರ ಪಂಚಮ. ಸಿ-ಯನ್ನ ಷಡ್ಜ ಅಂದ್ಕೊಂಡು ಶುದ್ಧ ಪಂಚಮಗಳಲ್ಲೇ ಮೇಲೆ ಹೋದರೆ ಕೊನೆಯ ಎ ತಂತಿ ದೈವತ ಆಗುತ್ತೆ. ಆದರೆ ಸಿ ಜೊತೆ ಹಾಯಾಗಿ ಬೆರೆಯೋ ದೈವತಕ್ಕಿಂತ ಅದು ಸುಮಾರು 22 ಸೆಂಟ್ ಮೇಲೆ. ಅನುಪಾತದಲ್ಲಿ 81:80. ಭರತ ನಾಟ್ಯಶಾಸ್ತ್ರದಲ್ಲಿ ಎರಡು ವೀಣೆ ಇಟ್ಕೊಂಡು, ಒಂದರ ಪಂಚಮವನ್ನ ಒಂದು ಶ್ರುತಿ ಇಳಿಸಿ ಕೇಳಿ ಅಂತಾನಲ್ಲ, ಆ ಪ್ರಮಾಣ ಶ್ರುತಿಗೂ ಎಷ್ಟೋ ವಿದ್ವಾಂಸರು ಇದೇ ಲೆಕ್ಕ ಕೊಡ್ತಾರೆ. ಪುಸ್ತಕದಲ್ಲಿ ಓದಿದ್ದೆ. ಕೈಗೆ ಸಿಕ್ಕಿದ್ದು ಈ ತಂತಿಯಲ್ಲಿ.

ಪರಿಹಾರ ಇಲ್ಲೇ ಪಕ್ಕದಲ್ಲಿತ್ತು. ಇಲ್ಲಿಂದ ಸೇಂಟ್ ಜಾರ್ಜ್ ಕೋಟೆ ನಡೆದು ಹೋಗೋ ದೂರ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯುರೋಪಿಯನ್ ವಾದಕರೊಬ್ಬರಿಂದ ಪಿಟೀಲು ಕಲಿತದ್ದನ್ನ ನೀವೆಲ್ಲ ಕೇಳಿರ್ತೀರಿ. ಇವತ್ತು ಕರ್ನಾಟಕ ಸಂಗೀತದ ಪಿಟೀಲಿನ ತಂತಿಗಳು ಸ-ಪ-ಸ-ಪ. ವಾದ್ಯ ಬದಲಾಗಲಿಲ್ಲ, ಬಿರಡೆ ತಿರುಗಿತು. ಅಷ್ಟೇಕೆ, ಬಾಖ್ ಕೂಡ ತನ್ನ ಐದನೇ ಚೆಲ್ಲೊ ಸೂಟಿನಲ್ಲಿ ಮೇಲಿನ ತಂತಿಯನ್ನ ಎ-ಯಿಂದ ಜಿ-ಗೆ ಇಳಿಸಿದ್ದ.

ಇದಕ್ಕೆ ನಾನು ಬೆಲೆ ಕೊಟ್ಟಿದ್ದೀನಿ, ಮುಚ್ಚಿಡಲ್ಲ. ಈಗ ಸ್ಟುಡಿಯೋದಲ್ಲಿ ಬೆರಳು ತಾನಾಗೇ ಅಮ್ಮನ ಗಾಂಧಾರಕ್ಕೆ ಇಳಿಯುತ್ತೆ. ಗಾಜಿನ ಆ ಕಡೆಯಿಂದ "ಸ್ವಲ್ಪ ಫ್ಲಾಟ್" ಅನ್ನೋ ದನಿ ಬರುತ್ತೆ. ಅವರದ್ದೂ ತಪ್ಪಲ್ಲ, ಅವರ ಟ್ರ್ಯಾಕಿಗೆ ಅದು ಫ್ಲಾಟೇ. ಮೊದಲಿನಷ್ಟು ಫೋನ್ ಬರಲ್ಲ. ತಿಂಗಳ ಕೊನೆಗೆ ಅದು ಗೊತ್ತಾಗುತ್ತೆ.

ಈಗ ಡಿ-ಯನ್ನ ಸಿ-ಗೆ, ಎ-ಯನ್ನ ಜಿ-ಗೆ ಇಳಿಸ್ತೀನಿ. ಸ-ಪ-ಸ-ಪ. ಆಮೇಲೆ ಹನ್ನೆರಡು ನಿಮಿಷ ಮೂರೇ ಸ್ವರ: ಷಡ್ಜ, ಗಾಂಧಾರ, ಪಂಚಮ. ಅಮ್ಮ ಮುಂದಿನ ಸಾಲಿನಲ್ಲೇ ಕೂತಿದ್ದಾರೆ, ಹಾಗಾಗಿ ಫೋನ್ ಆಫ್ ಮಾಡಿಟ್ಟಿದ್ದೀನಿ. ತಂತಿ ನಿಲ್ಲೋಕೆ ಎರಡು ನಿಮಿಷ ಕೊಡಿ. ಆ ಫ್ಯಾನ್ ಒಂಚೂರು ನಿಲ್ಲಿಸ್ತೀರಾ?