ಬಾವಿಗೆ ಮಡಲು ಹೊದೆಸಿದ ದಿನ

(ಶಾಲೆಯ ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಹಳೆ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ನೂರು ತುಂಬಿದ ಶಾಲೆಯ ಕಟ್ಟಡ, ಗುರುಪರಂಪರೆ, ಭಾಷೆ ಇವುಗಳ ಕಥೆಯನ್ನು ಹೇಳಬಲ್ಲವರು ಇಲ್ಲಿ ಅನೇಕರಿದ್ದಾರೆ. ನನಗೆ ಒದಗಿದ ವಿಷಯ ನಮ್ಮ ನೆಲದ ಸಿಹಿನೀರಿನ ರಕ್ಷಣೆ. ಅದನ್ನು ಈ ಅಂಗಳದ ಬಾವಿಯಿಂದಲೇ ಆರಂಭಿಸುತ್ತೇನೆ.

1980ರ ದಶಕದ ಆರಂಭದಲ್ಲಿ ನಾನು ಇಲ್ಲಿ ಆರನೆಯ ತರಗತಿಯಲ್ಲಿದ್ದೆ. ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಮದ್ದು ಬಿಡುತ್ತಾರಂತೆ, ಬಾವಿಯನ್ನು ಮುಚ್ಚಬೇಕು ಎಂದು ಹೆಡ್‌ಮಾಸ್ತರರು ಒಂದು ಬೆಳಗ್ಗೆ ತಿಳಿಸಿದರು. ನಾವು ತೆಂಗಿನ ಮಡಲು ತಂದು ಬಾವಿಗೆ ಹೊದೆಸಿ, ಆಕಾಶಯಾನವನ್ನು ನೋಡುವ ಸಂಭ್ರಮದಲ್ಲಿ ಕುಣಿದೆವು. ಸಂಜೆ ಇದನ್ನೆಲ್ಲ ಹೇಳಿದಾಗ ಅಜ್ಜ ಕೇಳಿದ್ದು ಒಂದೇ ಮಾತು: “ಬಾವಿ ಮುಚ್ಚಿದಿರಿ, ಸರಿ. ಗುಡ್ಡವನ್ನು ಯಾವುದರಿಂದ ಮುಚ್ಚುತ್ತೀರಿ ಮಗಾ?”

ನಮ್ಮ ಮನೆಗೆ ಬಾವಿ ಇರಲಿಲ್ಲ. ನೀರು ಬರುತ್ತಿದ್ದುದು ಗುಡ್ಡದ ಸುರಂಗದಿಂದ. ಕಾಸರಗೋಡಿನ ಹೆತ್ತವರಿಗೆ ಸುರಂಗವನ್ನು ವಿವರಿಸಬೇಕಾಗಿಲ್ಲ. ಆದರೆ ಇಂದಿನ ಮಕ್ಕಳಲ್ಲಿ ಅದರ ಒಳಗೆ ಹೆಜ್ಜೆಯಿಟ್ಟವರು ಕಡಿಮೆ. ಒಬ್ಬ ಮನುಷ್ಯ ಬಾಗಿ ಸಾಗುವಷ್ಟು ಅಗಲ ಎತ್ತರದಲ್ಲಿ ಗುಡ್ಡದ ಒಡಲನ್ನು ಅಡ್ಡವಾಗಿ ಕೊರೆದ ದಾರಿಯದು. ನಮ್ಮ ಮುರಕಲ್ಲು ಮೈತುಂಬ ರಂಧ್ರಗಳುಳ್ಳದ್ದು. ಮಳೆನೀರು ಅದರ ಮೂಲಕ ಇಳಿದು, ಕೆಳಗಿನ ಜೇಡಿಮಣ್ಣಿನ ಪದರದಲ್ಲಿ ತಡೆದು, ಬದಿಗೆ ಒಸರುತ್ತದೆ. ಆ ಒಸರನ್ನು ಹುಡುಕಿ ಹೋಗುವುದೇ ಸುರಂಗ. ಪಂಪು ಬೇಡ, ವಿದ್ಯುತ್ತು ಬೇಡ. ಅಡಿಕೆಯ ದಂಬೆಯಲ್ಲಿ ನೀರು ತಾನಾಗಿ ಅಂಗಳಕ್ಕೆ ಹರಿದು ಬರುತ್ತಿತ್ತು. ಗಡಿಯ ಆಚೆ ಅಡ್ಯನಡ್ಕದ ಬಳಿ ಬೋಳುಗುಡ್ಡದಲ್ಲಿ ಒಬ್ಬಂಟಿಯಾಗಿ ಸುರಂಗ ಕೊರೆದು ತೋಟ ಮಾಡಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಸಂದಾಗ, ನಮ್ಮೂರ ಸುರಂಗದ ಕೆಲಸಗಾರರೆಲ್ಲರಿಗೂ ಆ ಗೌರವ ಸಂದಂತೆ ನನಗೆ ಅನಿಸಿತು.

ಅಜ್ಜನ ಪ್ರಶ್ನೆಯ ಅರ್ಥ ನಮಗೆ ತಿಳಿಯಲು ಇಪ್ಪತ್ತು ವರ್ಷ ಬೇಕಾಯಿತು. ಗುಡ್ಡದ ನೆತ್ತಿಯ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಎಂಡೋಸಲ್ಫಾನ್ ಸುರಿಯಿತು. ಗುಡ್ಡದ ಮೇಲೆ ಬಿದ್ದದ್ದು ತೋಡಿಗೂ ಸುರಂಗಕ್ಕೂ ಇಳಿಯದೆ ಇರುವುದುಂಟೇ? ಎಣ್ಮಕಜೆಯ ಪಡ್ರೆ, ಸ್ವರ್ಗಗಳ ಹೆಸರು ಲೋಕಕ್ಕೆ ತಿಳಿದದ್ದು ಅಲ್ಲಿನ ಮಕ್ಕಳ ನೋವಿನಿಂದ. 2011ರಲ್ಲಿ ಸುಪ್ರೀಂ ಕೋರ್ಟು ಈ ವಿಷವನ್ನು ದೇಶದಾದ್ಯಂತ ತಡೆಯಿತು. ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳೂ ಅದೇ ವರ್ಷ ಇದನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಜಿಲ್ಲೆಯ ಸಂತ್ರಸ್ತರ ಅಧಿಕೃತ ಪಟ್ಟಿಯಲ್ಲಿ ಆರು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಅವರಲ್ಲಿ ಎಷ್ಟೋ ಮಂದಿ ಶಾಲೆಯ ಮೆಟ್ಟಿಲನ್ನು ಹತ್ತಲಾರದೆ ಹೋದರು. ಶತಮಾನದ ಹಾಜರಿ ಪುಸ್ತಕವನ್ನು ನಾವು ಹೆಮ್ಮೆಯಿಂದ ತೆರೆಯುವಾಗ, ಅದರಲ್ಲಿ ಬರೆಯಲಾಗದೆ ಉಳಿದ ಆ ಹೆಸರುಗಳನ್ನೂ ನೆನೆಯೋಣ.

ನಾನು ಇಲ್ಲಿ ಬೇರೆಯವರನ್ನಷ್ಟೇ ದೂರಲು ನಿಂತಿಲ್ಲ. ಬೇಸಿಗೆಯೊಂದರಲ್ಲಿ ಸುರಂಗದ ನೀರು ಸಣ್ಣದಾದಾಗ, ಅದರ ಮಣ್ಣನ್ನು ತೆಗೆಸುವ ಬದಲು ನಾನೇ ಮನೆಯ ಹಿಂದೆ ಕೊಳವೆಬಾವಿ ತೋಡಿಸಿದೆ. ನೀರು ಸಿಕ್ಕಿತು. ಸುರಂಗದ ಬಾಯಿಗೆ ಪೊದೆ ಬೆಳೆಯಿತು, ಮುಂದಿನ ಮಳೆಗಾಲಕ್ಕೆ ಅದು ಕುಸಿಯಿತು. ಅಜ್ಜ ವರ್ಷವಿಡೀ ಕುಡಿದ ನೀರಿನ ದಾರಿ ನನ್ನ ಕಾಲದಲ್ಲಿ ಮುಚ್ಚಿತು. ಅದನ್ನು ಮುಚ್ಚಿದ್ದು ವಿಷವಲ್ಲ, ನನ್ನ ಅಸಡ್ಡೆ.

ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ, ಹನ್ನೆರಡು ಹೊಳೆಗಳಿರುವ ಜಿಲ್ಲೆ ನಮ್ಮದು. ಆದರೂ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುತ್ತೇವೆ. ಮುರಕಲ್ಲಿನ ಕೋರೆಗಳು ಮಳೆಯನ್ನು ಹೀರುವ ಪದರವನ್ನೇ ಹೊತ್ತೊಯ್ಯುತ್ತಿವೆ. ಮದ್ದಿನ ಖಾಲಿ ಡಬ್ಬಿಗಳು, ಸಮಾರಂಭದ ಎಂಜಲು ತಟ್ಟೆಗಳು, ಶೌಚದ ಗುಂಡಿಯ ಒಸರು ಎಲ್ಲವೂ ತೋಡನ್ನು ಸೇರುತ್ತಿವೆ. ಹಿಂದೆ ಮಳೆಗಾಲ ಮುಗಿದೊಡನೆ ಊರವರೆಲ್ಲ ಸೇರಿ ಕಲ್ಲು ಮಣ್ಣುಗಳಿಂದ ತೋಡಿಗೆ ಕಟ್ಟ ಕಟ್ಟುತ್ತಿದ್ದರು. ಏತಡ್ಕದಂಥ ಊರುಗಳ ಕಟ್ಟಗಳ ಸಾಲು ಇಂದಿಗೂ ಹೆಸರುವಾಸಿ. ಕಟ್ಟದಲ್ಲಿ ನಿಂತ ನೀರು ಸುತ್ತಲಿನ ಬಾವಿಗಳಿಗೆ ಇಳಿಯುತ್ತಿತ್ತು. ತೋಡಿನ ನೀರನ್ನು ಹತ್ತು ಮನೆಯವರು ಸೇರಿ ತಡೆದಾಗ, ಅದನ್ನು ಕೆಡಿಸಲು ಒಬ್ಬನಿಗೂ ಧೈರ್ಯ ಬರುತ್ತಿರಲಿಲ್ಲ.

ಆದುದರಿಂದ ಶಾಲೆಯ ಎರಡನೆಯ ಶತಮಾನಕ್ಕೆ ನನ್ನದೊಂದು ಚಿಕ್ಕ ಕೋರಿಕೆ. ನಮ್ಮ ಶಾಲೆ ಒಂದು ನೀರಿನ ಪುಸ್ತಕವನ್ನು ಇಡಲಿ. ಪ್ರತಿ ತಿಂಗಳ ಮೊದಲ ದಿನ ಏಳನೆಯ ತರಗತಿಯ ಮಕ್ಕಳು ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ, ಈ ಬಾವಿಯ ನೀರಿನ ಮಟ್ಟವನ್ನು ಅಳೆದು ಬರೆಯಲಿ. ತಮ್ಮ ಮನೆಯ ಸುತ್ತಲಿನ ಸುರಂಗ, ಕೆರೆ, ತೋಡುಗಳನ್ನು ಹೆಸರು ಸಹಿತ ದಾಖಲಿಸಲಿ. ಹೆಸರು ಬಲ್ಲ ಅಜ್ಜ ಅಜ್ಜಿಯಂದಿರು ಇನ್ನೂ ಇದ್ದಾರೆ. ಹತ್ತು ವರ್ಷಗಳ ಬಳಿಕ ಇರುವುದಿಲ್ಲ. ಗುಡ್ಡವೊಂದರಲ್ಲಿ ಕೋರೆಗೋ ಬೇರೆ ಯೋಜನೆಗೋ ಅರ್ಜಿ ಬಂದ ದಿನ, ಈ ಪುಸ್ತಕವನ್ನು ಗ್ರಾಮಸಭೆಯ ಮುಂದಿಟ್ಟು, ಅದರ ಬುಡದಲ್ಲಿ ಇಷ್ಟು ಮನೆಗಳ ಕುಡಿಯುವ ನೀರಿದೆ ಎಂದು ತೋರಿಸೋಣ. 1980ರಲ್ಲಿ ನಮ್ಮ ಕೈಯಲ್ಲಿ ಅಂಥ ಒಂದು ಪುಟವೂ ಇರಲಿಲ್ಲ.

ಹೆತ್ತವರಲ್ಲಿ ನನ್ನ ವಿನಂತಿ: ಈ ಬೇಸಿಗೆಯಲ್ಲಿ ನಿಮ್ಮ ಮಕ್ಕಳ ಕೈ ಹಿಡಿದು, ನಿಮ್ಮ ನೀರು ಹುಟ್ಟುವ ಗುಡ್ಡವನ್ನು ಒಮ್ಮೆ ಹತ್ತಿ ಬನ್ನಿ. ನಾನು ನನ್ನ ಕುಸಿದ ಸುರಂಗದ ಮಣ್ಣನ್ನು ತೆಗೆಸಲು ಆರಂಭಿಸಿದ್ದೇನೆ. ಇದುವರೆಗೆ ಒಸರು ಸಿಕ್ಕಿಲ್ಲ. ಸಿಕ್ಕಿದ ದಿನ ಮೊದಲ ಕೊಡಪಾನ ನೀರನ್ನು ಈ ಶಾಲೆಗೆ ತರುತ್ತೇನೆ.