‘ನನಗದು ಸೇರಂಗಿಲ್ಲ’: ನೂರು ರೊಟ್ಟಿ ಮುಗಿದ ಮೇಲೆ

ಈ ವಾರ ಸಾಲ, ಇಎಂಐ, ಮ್ಯೂಚುವಲ್ ಫಂಡ್ ಯಾವುದೂ ಇಲ್ಲ. ಈ ವಾರ ಊಟದ ಮಾತು. ಇನ್ನೂ ಸರಿಯಾಗಿ ಹೇಳ್ಬೇಕಂದ್ರೆ, ಊಟ ಬೇಡ ಅಂದವನ ಮಾತು.

ನಮ್ಮೂರು ಹಟ್ಟಿ. ಲಿಂಗಸುಗೂರು ತಾಲ್ಲೂಕು, ಚಿನ್ನದ ಗಣಿ ಇರೋ ಊರು. ಮನೇಲಿ ನಾನು ತಿನ್ನುತ್ತಿದ್ದದ್ದು ನಾಲ್ಕೇ ನಾಲ್ಕು: ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ, ಮೊಸರನ್ನ. ಬದನೆಕಾಯಿ ಸೇರಂಗಿಲ್ಲ. ಹಾಗಲಕಾಯಿ ಹೆಸರೆತ್ತಂಗಿಲ್ಲ. ಮದುವೆ ಮನೆಗೆ ಹೋದ್ರೂ ಅವ್ವ ಕೈಚೀಲದಲ್ಲಿ ನನ್ನ ರೊಟ್ಟಿ ಇಟ್ಕೊಂಡೇ ಬರ್ತಿದ್ದಳು.

ಬಿ.ಕಾಂ. ಮುಗಿಸಿ ಶಾರ್ಜಾದಲ್ಲಿ ಅಕೌಂಟ್ಸ್ ಕೆಲಸ ಸಿಕ್ಕಾಗ ಅವ್ವ ಸಂಬಳ ಎಷ್ಟು ಅಂತ ಕೇಳಲಿಲ್ಲ. “ಅಲ್ಲೇನ್ ತಿಂತೀಯೋ ತಮ್ಮಾ?” ಅಂದಳು. ಆಮೇಲೆ ಎರಡು ದಿನ ಒಲೆ ಮುಂದೆ ಕೂತು ನೂರು ಕಡಕ್ ರೊಟ್ಟಿ ಮಾಡಿ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ದಿನಕ್ಕೆ ಮೂರರ ಲೆಕ್ಕದಲ್ಲಿ ಮೂವತ್ಮೂರು ದಿನ. ಕಾಮರ್ಸ್ ಓದಿದವನಿಗೆ ಆ ಸ್ಟಾಕ್ ಯಾವತ್ತು ಖಾಲಿ ಆಗುತ್ತೆ ಅಂತ ವಿಮಾನ ಹತ್ತೋ ಮುಂಚೇನೇ ಗೊತ್ತಿತ್ತು. ಆಮೇಲೆ ಏನು ಅನ್ನೋದಷ್ಟೇ ಗೊತ್ತಿರಲಿಲ್ಲ.

ಆಮೇಲೆ ಮೊಸರು, ಬ್ರೆಡ್ಡು, ಬಾಳೆಹಣ್ಣು. ಮೂರು ತಿಂಗಳಲ್ಲಿ ಎಂಟು ಕೆಜಿ ಇಳಿದೆ. ವಿಡಿಯೊ ಕಾಲ್ ಬಂದ್ರೆ ಮುಖ ಕಾಣದ ಹಾಗೆ ಕ್ಯಾಮೆರಾ ಮೇಲಕ್ಕೆ ತಿರುಗಿಸಿ ಮಾತಾಡ್ತಿದ್ದೆ.

ನಮ್ಮ ಗೋದಾಮಿನಲ್ಲಿ ಸುಡಾನ್‌ನ ಒಬ್ಬ ಹಿರಿಯರಿದ್ದರು. ಎಲ್ಲರೂ ಅವರನ್ನ ಉಸ್ತಾದ್ ಅಂತಿದ್ರು. ಮಧ್ಯಾಹ್ನ ಒಂದು ದೊಡ್ಡ ತಟ್ಟೆ ನಡುವೆ ಇಟ್ಟು, ಸುತ್ತ ಐದಾರು ಜನ ಕೂತು, ಅದರಿಂದಲೇ ಬಲಗೈಯಲ್ಲಿ ತಿನ್ನೋರು. ದಿನಾ ನನ್ನನ್ನ ಕರೀತಿದ್ರು. ನಾನು ದಿನಾ ಒಂದೇ ಉತ್ತರ ಕೊಡ್ತಿದ್ದೆ: ಹೊಟ್ಟೆ ಸರಿ ಇಲ್ಲ.

ನಾನು ಮಾಂಸ ತಿನ್ನಲ್ಲ. ಅದನ್ನ ನೇರವಾಗಿ ಹೇಳಬಹುದಿತ್ತು. ಹೇಳಲಿಲ್ಲ, ಯಾಕಂದ್ರೆ ಕಾರಣ ಅದಷ್ಟೇ ಆಗಿರಲಿಲ್ಲ. ಆ ತಟ್ಟೆ ನೋಡಿದ್ರೇನೇ ನನಗೆ ಒಂಥರಾ ಆಗ್ತಿತ್ತು.

ಒಂದು ದಿನ ಉಸ್ತಾದ್ ನನ್ನ ಟೇಬಲ್ ಹತ್ತಿರ ಬಂದು ಕೂತರು. “ಮೂರು ತಿಂಗಳಾಯ್ತು, ಇನ್ನೂ ಹೊಟ್ಟೆ ಸರಿ ಹೋಗಿಲ್ವಾ? ನಾಳೆ ರಜೆ ಹಾಕ್ತೀನಿ, ಡಾಕ್ಟರ ಹತ್ತಿರ ಹೋಗೋಣ” ಅಂದರು. ತಮಾಷೆ ಮಾಡ್ತಿಲ್ಲ, ನಿಜವಾಗ್ಲೂ ಗಾಬರಿಯಾಗಿದ್ರು. ಕೂತಲ್ಲೇ ಕುಗ್ಗಿ ಹೋದೆ. ಮಾಂಸದ ವಿಷಯ ಹೇಳಿದೆ. “ಇಷ್ಟೇನಾ?” ಅಂದು ಎದ್ದು ಹೋದರು.

ಮರುದಿನ ಮಾಂಸ ಇಲ್ಲದ ಊಟ ತಂದಿದ್ರು. ಒಣ ಬೆಂಡೆಕಾಯಿ ಪುಡಿಯ ಲೋಳೆ ಲೋಳೆ ಸಾರು, ಶೇಂಗಾ ಅರೆದು ನಿಂಬೆಹುಳಿ ಹಿಂಡಿದ ‘ದಕ್ವಾ’, ಜೊತೆಗೆ ಬಟ್ಟೆ ಮಡಚಿಟ್ಟ ಹಾಗೆ ಕಾಣೋ ತೆಳ್ಳನೆ ದೋಸೆಯಂಥದ್ದು. ಅದರ ಹೆಸರು ‘ಕಿಸ್ರಾ’. ಹಿಟ್ಟು ಹುಳಿ ಬರಿಸಿ, ಕಾದ ಹೆಂಚಿನ ಮೇಲೆ ತೆಳ್ಳಗೆ ಎಳೀತಾರೆ. ಕಣ್ಣು ಮುಚ್ಚಿ ಒಂದು ತುತ್ತು ಬಾಯಿಗೆ ಹಾಕ್ಕೊಂಡೆ. ಹುಳಿ ಇತ್ತು, ಮೆತ್ತಗಿತ್ತು. ಆದ್ರೆ ಅದರ ಹಿಂದೆ ಒಂದು ವಾಸನೆ ಬಂತಲ್ಲ, ಅದು ನಮ್ಮ ಮನೆ ಹಿಟ್ಟಿನ ಡಬ್ಬಿ ಮುಚ್ಚಳ ತೆಗೆದಾಗ ಬರೋ ವಾಸನೆ.

ಯಾವ ಹಿಟ್ಟು ಅಂತ ಕೇಳಿದೆ. “ದುರಾ” ಅಂದು ಫೋನಿನಲ್ಲಿ ಫೋಟೊ ತೋರಿಸಿದ್ರು. ನಮ್ಮ ಎರೆಹೊಲದಲ್ಲಿ ಹಿಂಗಾರಿಗೆ ಬರೋ ತೆನೆ. ಜೋಳ!

ಆ ರಾತ್ರಿ ಓದ್ತಾ ಕೂತೆ. ಜೋಳ ಮೂಲದಲ್ಲಿ ನಮ್ಮದಲ್ಲ. ಪೂರ್ವ ಸುಡಾನ್‌ನಲ್ಲಿ ಸಿಕ್ಕ ಮಡಕೆ ಚೂರುಗಳ ಮೇಲೆ ಕಾಳಿನ ಅಚ್ಚುಗಳಿವೆ. ಸುಮಾರು 5,000 ವರ್ಷಗಳ ಹಿಂದೆಯೇ ಅಲ್ಲಿನ ಜನ ಜೋಳವನ್ನ ಪಳಗಿಸ್ತಿದ್ರು ಅನ್ನೋದಕ್ಕೆ ಅವು ಸಾಕ್ಷಿ. ಅಲ್ಲಿಂದ ಅದು ನಮ್ಮ ಕಡೆ ಬಂತು. ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದವು. ಕೆಂಪು ಪುಂಡಿ ಜಾತಿಯ ಹೂವಿನಿಂದಲೇ ಸುಡಾನ್‌ನವರು ‘ಕರ್ಕದೆ’ ಅನ್ನೋ ಶರಬತ್ತು ಮಾಡ್ತಾರೆ. ಬೇರೆಯವರದ್ದು ನನಗೆ ಸೇರಂಗಿಲ್ಲ ಅಂತಿದ್ದೆನಲ್ಲ, ನನ್ನ ತಟ್ಟೆಯಲ್ಲಿ ಮೊಸರನ್ನ ಬಿಟ್ರೆ ಉಳಿದದ್ದೆಲ್ಲ ಹೊರಗಿಂದ ಬಂದದ್ದೇ.

ಎಲ್ಲ ತಿನ್ನೋನಾದೆ ಅಂತ ತಿಳ್ಕೋಬೇಡಿ. ಹಮ್ಮಸ್ ಒಗ್ಗಿತು, ಎಳ್ಳಿನ ರುಚಿ ಇರುತ್ತೆ. ಆಲಿವ್ ಇವತ್ತಿಗೂ ಗಂಟಲಲ್ಲಿ ಇಳಿಯಲ್ಲ. ಒಂದೇ ಪದಾರ್ಥವನ್ನ ಎಂಟು ಹತ್ತು ಸಲ ಚೂರುಚೂರು ರುಚಿ ನೋಡಿದ್ರೆ ನಾಲಿಗೆ ಒಪ್ಪಿಕೊಳ್ಳುತ್ತೆ ಅಂತ ಮಕ್ಕಳ ಮೇಲಿನ ಅಧ್ಯಯನಗಳು ಹೇಳ್ತವೆ. ನನಗೆ ಕಿಸ್ರಾ ನಾಲ್ಕನೇ ದಿನಕ್ಕೆ ಒಗ್ಗಿತು.

2023ರ ಏಪ್ರಿಲ್ 15ರಂದು ಖಾರ್ಟೂಮ್‌ನಲ್ಲಿ ಸೇನೆ ಮತ್ತು ಆರ್‌ಎಸ್‌ಎಫ್ ಪಡೆ ನಡುವೆ ಯುದ್ಧ ಶುರುವಾಯ್ತು. ಉಸ್ತಾದರ ತಾಯಿ ಅಲ್ಲೇ ಇದ್ದರು. ಹನ್ನೊಂದು ದಿನ ಫೋನ್ ಹತ್ತಲಿಲ್ಲ. ಆ ಹನ್ನೊಂದು ದಿನಾನೂ ಉಸ್ತಾದ್ ತಟ್ಟೆ ಹಾಸಿದ್ರು, ನಮ್ಮನ್ನ ಕರೆದ್ರು, ತಾವು ಮಾತ್ರ ಎರಡು ತುತ್ತಿಗೆ ಕೈ ತೊಳೆದ್ರು. ಆಗ ನಾನು ಅವರಿಗೆ ಹೇಳಿದ್ದು ಅವ್ವನ ಮಾತು: “ಉಣ್ಣದಿದ್ರ ಹೆಂಗ?” ಕನ್ನಡದಲ್ಲೇ ಹೇಳಿದೆ. ಅರ್ಥ ಆಯ್ತು ಅನ್ಸುತ್ತೆ, ಇನ್ನೊಂದು ತುತ್ತು ತಗೊಂಡ್ರು. ಹನ್ನೆರಡನೇ ದಿನ ತಾಯಿಯ ಧ್ವನಿ ಕೇಳಿಸ್ತು. ಮುಂದಿನ ವರ್ಷ ಆಗಸ್ಟ್‌ನಲ್ಲಿ, ಉತ್ತರ ಡಾರ್ಫರ್‌ನ ಜಮ್‌ಜಮ್ ಶಿಬಿರದಲ್ಲಿ ಕ್ಷಾಮ ಇದೆ ಅಂತ ತಜ್ಞರ ಸಮಿತಿ ದೃಢಪಡಿಸಿತು. ನಮಗೆ ಜೋಳ ಕೊಟ್ಟ ನಾಡದು.

ಈಗ ನಾನು ನಿಜವಾಗಿ ಹೇಳಬೇಕು ಅಂದುಕೊಂಡ ಮಾತಿಗೆ ಬರ್ತೀನಿ. ಸಿಂಧನೂರು ಹತ್ತಿರ ಆರ್.ಎಚ್. ಕ್ಯಾಂಪ್‌ಗಳಿವೆ. ಅಂದಿನ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು ದಶಕಗಳಿಂದ ಅಲ್ಲಿವೆ. ಕಾಲೇಜಿನಲ್ಲಿ ಅಲ್ಲಿನ ಹುಡುಗನೊಬ್ಬ ನನ್ನ ಬೆಂಚಿನಲ್ಲಿ ಕೂರ್ತಿದ್ದ. ಅವನ ಡಬ್ಬಿಯಲ್ಲಿ ಮೀನು ಇರ್ತಿತ್ತು. ನಾನು ಮೂಗು ಮುಚ್ಕೊಂಡು, ಎಲ್ಲರಿಗೂ ಕಾಣೋ ಹಾಗೆ ಎದ್ದು ಬೇರೆ ಬೆಂಚಿಗೆ ಹೋಗ್ತಿದ್ದೆ. ಎಲ್ಲರೂ ನಗೋರು. ಸ್ವಲ್ಪ ದಿನಕ್ಕೆ ಅವನು ಡಬ್ಬಿ ತರೋದೇ ಬಿಟ್ಟ. ಮೀನು ತಿನ್ನದೇ ಇದ್ದದ್ದು ನನ್ನ ತಪ್ಪಲ್ಲ. ಮೂಗು ಮುಚ್ಚಿದ್ದು ತಪ್ಪು.

ಹೋದ ಸಲ ರಜೆಗೆ ಬಂದಾಗ ಅವನಿಗೆ ಫೋನ್ ಮಾಡಿ ತಪ್ಪಾಯ್ತು ಅಂದೆ. “ನೀ ಒಬ್ನೇ ಅಲ್ಲಲೇ. ಬಾ, ಮನಿಗೆ ಬಾ” ಅಂದ. ಹೋದೆ. ಅವರಮ್ಮ ನನಗಂತ ಮೀನಿಲ್ಲದ ಅಡುಗೆ ಮಾಡಿದ್ರು. ಸಾಸಿವೆ ಅರೆದು ಹಾಕಿದ ಬದನೆಕಾಯಿ. ಹೌದು, ಬದನೆಕಾಯಿ. ಘಾಟು ಮೂಗಿಗೆ ಹತ್ತಿ ಕಣ್ಣಲ್ಲಿ ನೀರು ಬಂತು, ಆದ್ರೂ ಬಿಡಲಿಲ್ಲ. ಜೊತೆಗೆ ಬಿಸಿ ಜೋಳದ ರೊಟ್ಟಿ ಬಡಿದು ಹಾಕಿದ್ರು, ಅವ್ವ ಮಾಡಿದಷ್ಟೇ ತೆಳ್ಳಗೆ. ಯಾವಾಗ ಕಲಿತ್ರಿ ಅಂದೆ. ಮದುವೆಯಾಗಿ ಬಂದ ಹೊಸದರಲ್ಲೇ ಅಂದ್ರು.

ಅವರು ನಮ್ಮ ರೊಟ್ಟಿ ಕಲಿತು ಅಷ್ಟು ವರ್ಷ ಆಗಿತ್ತು. ನಾವು ಅವರ ಡಬ್ಬಿಯಲ್ಲಿ ಏನಿದೆ ಅಂತ ಒಂದು ದಿನಾನೂ ಕೇಳಿರಲಿಲ್ಲ.

ಇವತ್ತಿಗೆ ಇಷ್ಟೇ. ನಿಮ್ಮ ಬೆಂಚಿನವರ ಡಬ್ಬಿಯಲ್ಲಿ ಏನಿದೆ ಅಂತ ನಾಳೆ ಒಂದು ಸಲ ಕೇಳಿ. ತಿನ್ನದಿದ್ರೂ ಪರವಾಗಿಲ್ಲ. ಮುಂದಿನ ವಾರ ಸಿಗೋಣ.