ಆಟಿಯ ಮಳೆಯಲ್ಲಿ ಸೆಕೆ
(ಪುತ್ತೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)

ತಾಯಿಯ ನೆನಪಿಗೆ ಈ ದತ್ತಿ ಇಟ್ಟವರು ವಿಷಯದ ಆಯ್ಕೆಯನ್ನು ನನಗೇ ಬಿಟ್ಟಿದ್ದರು. ಮುಟ್ಟು ನಿಲ್ಲುವ ಕಾಲದ ಬಗ್ಗೆ ಮಾತಾಡುತ್ತೇನೆ ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಮ್ಮನಿಗೂ ಆಗ ತುಂಬ ಕಷ್ಟ ಆಗಿತ್ತು, ನಮಗೆ ಗೊತ್ತಾಗಲೇ ಇಲ್ಲ" ಎಂದರು.

ಕಡಬದ ಕಡೆಯ, ಘಟ್ಟದ ಬುಡದ ಹೆಂಗಸೊಬ್ಬರು ಹೇಳಿದ್ದನ್ನು ಮೊದಲು ಹೇಳುತ್ತೇನೆ. ವಯಸ್ಸು 47. ಆಟಿ ತಿಂಗಳು, ಹೊರಗೆ ಧೋ ಎಂದು ಮಳೆ, ಮನೆಯವರೆಲ್ಲ ಕಂಬಳಿ ಹೊದ್ದು ಮಲಗಿದ್ದಾರೆ. ಇವರಿಗೆ ರಾತ್ರಿ ಎರಡು ಗಂಟೆಗೆ ಎಚ್ಚರ. ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಮುಖಕ್ಕೆ ಬಿಸಿ ಏರುತ್ತದೆ, ರವಿಕೆ ಒದ್ದೆ. ಬಾಗಿಲು ತೆಗೆದು ಜಗಲಿಯಲ್ಲಿ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾರೆ. ಐದು ನಿಮಿಷಕ್ಕೆ ಬೆವರು ಆರಿ ಚಳಿ. "ಮೇ ತಿಂಗಳ ಸೆಕೆಯಾದರೆ ಎಲ್ಲರಿಗೂ ಉಂಟು ಡಾಕ್ಟ್ರೇ, ಇದು ನನಗೊಬ್ಬಳಿಗೇ ಬರುವ ಸೆಕೆ" ಎಂದರು.

ಆ ಸೆಕೆ ಹುಟ್ಟುವುದು ಚರ್ಮದಲ್ಲಲ್ಲ, ಮಿದುಳಿನಲ್ಲಿ. ಮೈಯ ಬಿಸಿಯನ್ನು ಹದದಲ್ಲಿಡುವ ಪುಟ್ಟ ಭಾಗವೊಂದು ಅಲ್ಲಿದೆ, ಹೈಪೊಥಲಾಮಸ್. ಅಂಡಾಶಯದಿಂದ ಬರುವ ಈಸ್ಟ್ರೋಜನ್ ಕಡಿಮೆಯಾದಾಗ ಅದು ತೀರ ಸೂಕ್ಷ್ಮವಾಗುತ್ತದೆ. ಬಿಸಿ ಒಂದಿಷ್ಟು ಏರಿದರೂ ಸಾಕು, ಮೈ ಸುಡುತ್ತಿದೆ ಎಂದು ತಿಳಿದು ರಕ್ತನಾಳಗಳನ್ನು ಹಿಗ್ಗಿಸಿ ಬೆವರು ಸುರಿಸುತ್ತದೆ. ಒಂದು ವರ್ಷ ಪೂರ್ತಿ ಮುಟ್ಟು ಬಾರದಿದ್ದರೆ ನಿಂತಿತು ಎನ್ನುತ್ತೇವೆ. ನಮ್ಮ ದೇಶದಲ್ಲಿ ಸರಾಸರಿ 46–47ರ ವಯಸ್ಸಿಗೆ. ಆದರೆ ತೊಂದರೆ ಅದಕ್ಕಿಂತ ಕೆಲವು ವರ್ಷ ಮೊದಲೇ ಸುರುವಾಗುತ್ತದೆ. ಪದೇಪದೇ ಸೆಕೆ ಏರುವವರನ್ನು ಅಮೆರಿಕದಲ್ಲಿ ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದರಲ್ಲಿ ಅದು ಏಳು ವರ್ಷಕ್ಕೂ ಹೆಚ್ಚು ಕಾಲ ಇತ್ತು. ಏಳು ವರ್ಷ ನಿದ್ದೆಗೆಟ್ಟವರಿಗೆ "ಸಹಿಸಿಕೊಳ್ಳಿ" ಎನ್ನುವುದು ಚಿಕಿತ್ಸೆಯಲ್ಲ.

ನಾನೂ ಹಾಗೆ ಹೇಳಿದವಳೇ. 2002ರಲ್ಲಿ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ದೊಡ್ಡ ಪ್ರಯೋಗದ ಒಂದು ಭಾಗವನ್ನು, ಹಾರ್ಮೋನು ಮಾತ್ರೆಯಿಂದ ಸ್ತನ ಕ್ಯಾನ್ಸರ್ ಹೆಚ್ಚುತ್ತದೆ ಎಂದು, ಅರ್ಧಕ್ಕೆ ನಿಲ್ಲಿಸಿದರು. ಸುದ್ದಿ ಓದಿ ಹೆದರಿದೆ. ಮುಂದಿನ ಕೆಲವು ವರ್ಷ, ಮಾತ್ರೆ ನಿಜಕ್ಕೂ ಬೇಕಿದ್ದವರನ್ನೂ ಬರಿಗೈಯಲ್ಲಿ ಕಳಿಸಿದೆ. ಅವರಲ್ಲಿ ಕೆಲವರ ಮುಖ ಈಗಲೂ ಕಣ್ಣ ಮುಂದೆ ಬರುತ್ತದೆ. ಆ ಪ್ರಯೋಗದಲ್ಲಿದ್ದವರ ಸರಾಸರಿ ವಯಸ್ಸು 63 ಎಂಬುದನ್ನು, ಹೆಚ್ಚಿದ ಕ್ಯಾನ್ಸರ್ ವರ್ಷಕ್ಕೆ ಹತ್ತು ಸಾವಿರ ಮಂದಿಯಲ್ಲಿ ಎಂಟು ಎಂಬುದನ್ನು ನಾನು ಆಗ ಗಮನಿಸಿರಲಿಲ್ಲ. ಈಗಿನ ತಿಳಿವಳಿಕೆ ಬೇರೆ. 60ರ ಒಳಗಿನವರಿಗೆ, ಅಥವಾ ಮುಟ್ಟು ನಿಂತು ಹತ್ತು ವರ್ಷದ ಒಳಗೆ, ಆರೋಗ್ಯವಂತರಿಗೆ ಹಾರ್ಮೋನಿನಿಂದ ಸಾಮಾನ್ಯವಾಗಿ ಲಾಭವೇ ಹೆಚ್ಚು. ಗರ್ಭಕೋಶ ಇರುವವರು ಈಸ್ಟ್ರೋಜನ್ ಒಂದನ್ನೇ ನುಂಗಬಾರದು, ಜೊತೆಗೆ ಪ್ರೊಜೆಸ್ಟರಾನ್ ಬೇಕೇ ಬೇಕು. ಸ್ತನ ಕ್ಯಾನ್ಸರ್ ಆದವರು, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದವರು, ಪಾರ್ಶ್ವವಾಯು ಆದವರು, ಲಿವರ್ ಕೆಟ್ಟವರು ಇದನ್ನು ತೆಗೆದುಕೊಳ್ಳುವಂತಿಲ್ಲ. ಅವರಿಗೆ ಹಾರ್ಮೋನಲ್ಲದ ಮಾತ್ರೆಗಳಿವೆ. ಖಿನ್ನತೆಗೆ ಕೊಡುವ ಕೆಲವು ಔಷಧಿಗಳು ಕಡಿಮೆ ಪ್ರಮಾಣದಲ್ಲಿ ಸೆಕೆಯನ್ನೂ ಇಳಿಸುತ್ತವೆ. ಒಣಗುವಿಕೆ, ಉರಿ, ಮತ್ತೆ ಮತ್ತೆ ಉರಿಮೂತ್ರ ಇರುವವರಿಗೆ ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮು ಸಾಕಾಗುತ್ತದೆ. ಗಂಡನ ಹತ್ತಿರವೂ ಹೇಳಲಾಗದೆ ಎಷ್ಟೋ ಮಂದಿ ನುಂಗಿಕೊಂಡಿರುವ ನೋವು ಇದು.

ಇನ್ನು, ನನ್ನನ್ನು ಹೆಚ್ಚು ಕಾಡಿದ ವಿಷಯ. "ಗರ್ಭಕೋಶ ತೆಗೆಸಿದರೆ ರಗಳೆ ಮುಗಿಯಿತಲ್ಲ?" ಈ ಮಾತನ್ನು ಸುಳ್ಯದವರೂ ಕೇಳಿದ್ದಾರೆ, ಪುತ್ತೂರು ಪೇಟೆಯವರೂ ಕೇಳಿದ್ದಾರೆ. ಅಡಿಕೆ ಸುಲಿಯುವ ಅಂಗಳದಲ್ಲಿ ದಿನವಿಡೀ ಕೂರುವ ಹೆಂಗಸಿಗೆ ನಲವತ್ತೈದರಲ್ಲಿ ಹತ್ತು ದಿನ ರಕ್ತ ಹೋದರೆ ಹಾಗನ್ನಿಸುವುದು ಸಹಜ. ಆದರೆ ಅದಕ್ಕೆ ಮೊದಲು ಮಾಡುವುದು ಎಷ್ಟೋ ಇದೆ: ರಕ್ತಹೀನತೆಗೆ ಕಬ್ಬಿಣದ ಮಾತ್ರೆ, ಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲ, ಥೈರಾಯ್ಡ್ ಪರೀಕ್ಷೆ, ಸ್ಕ್ಯಾನಿಂಗ್, ಬೇಕಾದರೆ ಒಳಪದರದ ತುಣುಕು ತೆಗೆದು ನೋಡುವುದು, ಕಾಪರ್-ಟಿಯ ಹಾಗೆ ಒಳಗಿಟ್ಟರೆ ವರ್ಷಗಟ್ಟಲೆ ಕೆಲಸ ಮಾಡುವ ಹಾರ್ಮೋನಿನ ಸಾಧನ. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ನಿಧಾನವಾಗಿ ಬರಬೇಕಾದ ಬದಲಾವಣೆ ಒಂದೇ ದಿನದಲ್ಲಿ ಬಂದು ಬೀಳುತ್ತದೆ; ಎಲುಬು, ಹೃದಯ ಎರಡಕ್ಕೂ ಪೆಟ್ಟು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಯನ್ನು ರಾಜ್ಯಗಳೆಲ್ಲ ಜಾರಿಗೆ ತರಬೇಕು ಎಂದು ಸುಪ್ರೀಂ ಕೋರ್ಟು 2023ರ ಏಪ್ರಿಲಿನಲ್ಲಿ ಆದೇಶಿಸಿದೆ. ಕತ್ತರಿ ಬೇಕಾದ ಕಾಯಿಲೆಗಳೂ ಉಂಟು, ಇಲ್ಲವೆನ್ನುವುದಿಲ್ಲ. ಮುಟ್ಟು ನಿಂತು ವರ್ಷದ ಮೇಲೆ ಒಂದು ಹನಿ ರಕ್ತ ಕಂಡರೂ ಮರುದಿನವೇ ಡಾಕ್ಟರಲ್ಲಿಗೆ ಹೋಗಿ. ಅದನ್ನು ಮಾತ್ರ "ಮತ್ತೆ ಸುರುವಾಯಿತು" ಎಂದು ಬಿಡಬೇಡಿ.

ಕಷಾಯದ ಮಾತು. ಸುಳ್ಯದಲ್ಲಿ ಕುರುಂಜಿ ವೆಂಕಟ್ರಮಣ ಗೌಡರು ಅಲೋಪತಿ ಕಾಲೇಜನ್ನೂ ಕಟ್ಟಿದರು, ಆಯುರ್ವೇದ ಕಾಲೇಜನ್ನೂ ಕಟ್ಟಿದರು. ನಮ್ಮ ಹೆಂಗಸರು ಎರಡೂ ಕಡೆ ಹೋಗುತ್ತಾರೆ. ಹೋಗಲಿ, ಆದರೆ ಇಲ್ಲಿ ಕೊಟ್ಟದ್ದನ್ನು ಅಲ್ಲಿ ಹೇಳಿ. ಪುನರ್ಪುಳಿ ಶರಬತ್ತು, ಮಜ್ಜಿಗೆ, ತಿಮರೆ ಚಟ್ನಿ ಧಾರಾಳ ತೆಗೆದುಕೊಳ್ಳಿ. ಇವು ಸೆಕೆ ಗುಣಪಡಿಸುತ್ತವೆ ಎಂದು ನಾನು ಹೇಳಲಾರೆ, ಊಟಕ್ಕೆ ಒಳ್ಳೆಯವು. ರಾಗಿ, ಎಳ್ಳು, ಹಾಲಿನಲ್ಲಿ ಎಲುಬಿಗೆ ಬೇಕಾದ ಕ್ಯಾಲ್ಸಿಯಂ ಉಂಟು.

ಮುಟ್ಟಿಗೆ ಮುಂಚಿನ ವಾರದ ಕಷ್ಟ ಇನ್ನೊಂದು. ಸಣ್ಣದಕ್ಕೆ ಮಗುವಿಗೆ ಹೊಡೆದು, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅಳುವ ತಾಯಿ ನನ್ನಲ್ಲಿಗೆ ಬಂದಿದ್ದರು. "ನಾನು ಕೆಟ್ಟವಳಾ?" ಎಂದು ಕೇಳಿದರು. 1953ರಲ್ಲೇ ಇಂಗ್ಲೆಂಡಿನ ವೈದ್ಯೆ ಕ್ಯಾಥರಿನಾ ಡಾಲ್ಟನ್ ತಮ್ಮ ಸಹೋದ್ಯೋಗಿಯ ಜೊತೆ ಇದಕ್ಕೊಂದು ಹೆಸರು ಕೊಟ್ಟರು. ಇದರ ತೀವ್ರ ರೂಪ 2013ರಲ್ಲಿ ಮನೋವೈದ್ಯರ ಕೈಪಿಡಿಯಲ್ಲಿ ಕಾಯಿಲೆಯಾಗಿಯೇ ಸೇರಿತು. ಗುರುತು ಹಿಡಿಯಲು ರಕ್ತ ಪರೀಕ್ಷೆ ಇಲ್ಲ. ಎರಡು ತಿಂಗಳು ದಿನವೂ ಬರೆದಿಡಬೇಕು: ಯಾವ ದಿನ ಸಿಟ್ಟು, ಯಾವ ದಿನ ಸ್ತನದ ನೋವು, ಯಾವ ದಿನ ಹೊಟ್ಟೆ ಉಬ್ಬರ. ಮುಟ್ಟಾದ ಕೂಡಲೇ ಎಲ್ಲ ಇಳಿದರೆ ಅದು ಇದೇ. ತಿಂಗಳಿಡೀ ಬೇಸರವಿದ್ದರೆ ಬೇರೆ ಕಾರಣ ಹುಡುಕಬೇಕು. ಕೆಲವರಿಗೆ ನಡಿಗೆ, ನಿದ್ದೆ, ಕ್ಯಾಲ್ಸಿಯಂ ಸಾಕು. ಕೆಲವರಿಗೆ ಮುಟ್ಟಿಗೆ ಮುಂಚಿನ ಎರಡು ವಾರ ಮಾತ್ರ ಮಾತ್ರೆ. ಆ ತಾಯಿ ಈಗ ಚೆನ್ನಾಗಿದ್ದಾರೆ.

ಫೆಬ್ರವರಿಯಲ್ಲಿ ಕೆಡ್ಡಸ ಬರುತ್ತದೆ. ಭೂಮಿತಾಯಿ ಮುಟ್ಟಾಗಿದ್ದಾಳೆ ಎಂದು ಆ ದಿನಗಳಲ್ಲಿ ತುಳುನಾಡಿನಲ್ಲಿ ಯಾರೂ ನೆಲ ಅಗೆಯುವುದಿಲ್ಲ. ಕೊನೆಗೆ ಎಣ್ಣೆ, ಅರಸಿನ ಹಾಕಿ ಅವಳನ್ನು ಮೀಯಿಸುತ್ತೇವೆ. ಮಣ್ಣಿನ ಮೈಗೂ ದಣಿವು ಉಂಟು ಎಂದು ತಿಳಿದಿದ್ದವರು ನಮ್ಮ ಹಿರಿಯರು. ಉದ್ಯೋಗದಲ್ಲಿರುವ ಹೆಂಗಸರಿಗೆ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಒಳ್ಳೆಯದು. ಆದರೆ ಅಡಿಕೆ ಸುಲಿದಷ್ಟಕ್ಕೇ ಕೂಲಿ ಪಡೆಯುವವರಿಗೆ ರಜೆ ಕೊಡುವವರು ಯಾರು?

ಆಟಿಯ ಸೆಕೆಯ ಆ ಹೆಂಗಸಿಗೂ ಕ್ಯಾಲೆಂಡರಿನಲ್ಲೇ ಬರೆದಿಡಲು ಹೇಳಿದ್ದೆ. ಎರಡು ತಿಂಗಳು ಬಿಟ್ಟು ಗೋಡೆಯ ಕ್ಯಾಲೆಂಡರನ್ನೇ ಸುತ್ತಿ, ಮಳೆಗೆ ಒದ್ದೆಯಾಗದಂತೆ ಪ್ಲಾಸ್ಟಿಕ್ಕಿನಲ್ಲಿಟ್ಟು ತಂದರು. ಹಾಲಿನ ಲೆಕ್ಕದ ಪಕ್ಕದಲ್ಲಿ "ಸೆಕೆ 2", "ಸೆಕೆ 4" ಎಂದು ದಿನದಿನದ ಗುರುತು. ಅರ್ಧ ತಿಂಗಳಿನ ನಂತರ ಅಕ್ಷರ ಬದಲಾಗಿತ್ತು. ಯಾರದ್ದು ಎಂದು ಕೇಳಿದೆ. "ಅವರದ್ದು" ಎಂದರು. "ಈಗ ನಾನು ಜಗಲಿಗೆ ಹೋದರೆ ಅವರಿಗೂ ಎಚ್ಚರವಾಗುತ್ತದೆ. ಲೈಟು ಹಾಕಿ ಬರೆದೇ ಮಲಗುವುದು."